ಅಕ್ಕನ ಕಾಲಿನ ಬಾವು

ಮಂಗಳವಾರ, 12 ಮಾರ್ಚ್ 2024

ನಾಳೆ ಲ್ಯಾಪರೋಸ್ಕೋಪಿಯಲ್ಲಿ ಪಿತ್ತಕೋಶ ತೆಗೆಸಿಕೊಳ್ಳಲಿರುವ 52 ವರ್ಷದ ಮಹಿಳೆಯೊಬ್ಬರ ಕ್ಯಾಪ್ರಿನಿ ಪಟ್ಟಿಯನ್ನು (ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟುವ ಅಪಾಯವನ್ನು ಅಂಕಗಳಲ್ಲಿ ಅಳೆಯುವ ಪಟ್ಟಿ) ಇಂದು ಬೆಳಿಗ್ಗೆ ತುಂಬಿದೆ. ವಯಸ್ಸಿಗೆ 1 ಅಂಕ, 45 ನಿಮಿಷ ಮೀರಲಿರುವ ಶಸ್ತ್ರಚಿಕಿತ್ಸೆಗೆ 2. ಒಟ್ಟು 3, ಅಂದರೆ ಮಧ್ಯಮ ಅಪಾಯ. "ಮನೆಯಲ್ಲಿ ಯಾರಿಗಾದರೂ ರಕ್ತ ಹೆಪ್ಪುಗಟ್ಟಿತ್ತೇ?" ಎಂದು ಕೇಳಿದ್ದಕ್ಕೆ "ಇಲ್ಲ ಸಿಸ್ಟರ್" ಎಂದರು. ಆ ಸಾಲಿಗೆ ಸೊನ್ನೆ ಬರೆದು ಮುಂದಿನ ಹಾಸಿಗೆಗೆ ಹೋದೆ.

ಬಿ.ಪಿ. ನೋಡಲು ಮರಳಿ ಬಂದಾಗ ಅವರಾಗಿಯೇ ಮಾತು ತೆಗೆದರು. ಅವರ ಅಕ್ಕನಿಗೆ ಹೆರಿಗೆಯಾದ ಮೇಲೆ ಒಂದೇ ಕಾಲು ಕಂಬದಂತೆ ಊದಿಕೊಂಡಿತ್ತಂತೆ, ರಕ್ತ ತೆಳುವಾಗುವ ಮಾತ್ರೆಯನ್ನು ಆರು ತಿಂಗಳು ನುಂಗಿದ್ದರಂತೆ. ಕುಟುಂಬದಲ್ಲಿ ಹೀಗಾಗಿದ್ದರೆ 3 ಅಂಕ ಸೇರುತ್ತದೆ; 5 ಮುಟ್ಟಿದರೆ ಹೆಚ್ಚಿನ ಅಪಾಯದ ಗುಂಪು, ಇವರದು ಈಗ 6. ಕೂಡಲೇ ಸರ್ಜನ್‌ಗೆ ತಿಳಿಸಿದೆ. ಅವರು ರಕ್ತಸ್ರಾವದ ಅಪಾಯವನ್ನೂ ತೂಗಿ ನೋಡಿ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್ ಬರೆದರು. ಆ ಮಹಿಳೆ ಸುಳ್ಳು ಹೇಳಿರಲಿಲ್ಲ, ನಾನೇ ಪಟ್ಟಿಯ ಭಾಷೆಯಲ್ಲಿ ಕೇಳಿದ್ದೆ. ಅಚ್ಚಾದ ಪ್ರಶ್ನೆಯ ಕೆಳಗೆ ಪೆನ್ಸಿಲ್‌ನಲ್ಲಿ "ಒಂದೇ ಕಾಲು ಊದಿತ್ತೇ? ಇದ್ದಕ್ಕಿದ್ದಂತೆ ಉಸಿರುಕಟ್ಟಿ ಯಾರಾದರೂ ತೀರಿಕೊಂಡರೇ?" ಎಂದು ಬರೆದುಕೊಂಡೆ.

ಶಸ್ತ್ರಚಿಕಿತ್ಸೆಯಾದ ದೇಹದಲ್ಲಿ ಗಾಯದ ರಕ್ತ ನಿಲ್ಲಿಸುವ ಸಿದ್ಧತೆ ಮೊದಲೇ ಜೋರಾಗಿರುತ್ತದೆ. ಅದರ ಮೇಲೆ ರೋಗಿ ಅಲುಗಾಡದೆ ಮಲಗಿದರೆ, ರಕ್ತವನ್ನು ಮೇಲಕ್ಕೆ ತಳ್ಳಬೇಕಾದ ಮೀನಖಂಡದ ಸ್ನಾಯುಗಳೂ ಸುಮ್ಮನಾಗಿ, ಆಳದ ಅಭಿಧಮನಿಗಳಲ್ಲಿ ಹರಿವು ಮಂದವಾಗುತ್ತದೆ. ಅಲ್ಲಿ ಕಟ್ಟಿದ ಹೆಪ್ಪು ಎಷ್ಟೋ ಬಾರಿ ನೋವನ್ನೂ ಕೊಡದೆ, ತುಂಡಾಗಿ ಶ್ವಾಸಕೋಶ ಸೇರಿದ ಮೇಲೆಯೇ ತಿಳಿಯುತ್ತದೆ.

ಸಂಜೆ, ದೊಡ್ಡಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾಗಿ ಮೂರನೆಯ ದಿನದಲ್ಲಿರುವ ಹಿರಿಯರ ಬಳಿ ಕಾಲನ್ನು ಆಗಾಗ ಒತ್ತಿ ರಕ್ತವನ್ನು ಮೇಲಕ್ಕೆ ತಳ್ಳುವ ಪಂಪು ಬುಸ್ಸೆಂದು ಗಾಳಿ ತುಂಬುತ್ತಿತ್ತು, ಆದರೆ ಕಾಲಿಗೆ ಸುತ್ತಬೇಕಾದ ಅದರ ಪಟ್ಟಿಗಳೆರಡೂ ಮಂಚದ ಕಂಬಿಗೆ ನೇತಾಡುತ್ತಿದ್ದವು. ಮಧ್ಯಾಹ್ನ ಶೌಚಾಲಯಕ್ಕೆ ಹೋಗುವಾಗ ಬಿಚ್ಚಿದ್ದನ್ನು ಯಾರೂ ಮತ್ತೆ ಕಟ್ಟಿರಲಿಲ್ಲ. ಕೇಸ್‌ಶೀಟಿನಲ್ಲಿ ಮಾತ್ರ ಗಂಟೆಗಂಟೆಗೂ "ಧರಿಸಿದ್ದಾರೆ" ಎಂದಿತ್ತು. ಇವರ ಅಂಕವನ್ನು ದಾಖಲಾದ ದಿನ ಬರೆದದ್ದೇ ಕೊನೆ. ಆಮೇಲೆ ಕತ್ತಿನ ದೊಡ್ಡ ರಕ್ತನಾಳಕ್ಕೆ ಹಾಕಿದ ಕೊಳವೆಗೆ (ಸೆಂಟ್ರಲ್ ಲೈನ್) ಸೇರಬೇಕಾದ 2 ಅಂಕ ಅದರಲ್ಲಿರಲಿಲ್ಲ. ಒಮ್ಮೆ ತುಂಬಿ ಮಡಚಿಡುವ ಕಾಗದ ಇದಲ್ಲವೆಂದು ನಾವೇ ಹೊಸಬರಿಗೆ ಪಾಠ ಹೇಳುತ್ತೇವೆ!

ಹೊಟ್ಟೆಯ ಭಾಗದಲ್ಲಿ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದವರಿಗೆ ಸಾಮಾನ್ಯವಾಗಿ ನಾಲ್ಕು ವಾರ ಇಂಜೆಕ್ಷನ್ ಮುಂದುವರಿಸುವುದರಿಂದ, ಮನೆಯಲ್ಲಿ ಅದನ್ನು ಕೊಡುವ ಬಗೆಯನ್ನು ಅವರ ಮಗಳಿಗೆ ನಾಳೆಯಿಂದಲೇ ಕಲಿಸಬೇಕೆಂದು ರಾತ್ರಿ ಪಾಳಿಯವರಿಗೆ ಬರೆದಿಟ್ಟೆ. ಆಮೇಲೆ ಎರಡು ಬೆರಳು ತೂರುವಷ್ಟು ಸಡಿಲ ಬಿಟ್ಟು ಪಟ್ಟಿಗಳನ್ನು ಕಟ್ಟಿದೆ. "ಇದು ಹಿಸುಕುತ್ತದಮ್ಮ" ಎಂದರು ಹಿರಿಯರು. ಅದಕ್ಕೇ ಕಟ್ಟಿದ್ದು ಎಂದೆ.