ಬಿಸಿಲು ತಡೆಯೋ ದನ
ಬೀದರಿನ ಬಿಸಿಲಲ್ಲಿ ನಾಟಿ ತಳಿಯ ದೇವಣಿ ಹಸುಗಳು ಆರಾಮಾಗಿ ಮೇಯುತ್ತಿದ್ದವು. ಪಕ್ಕದ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್ ಅನ್ನೋ ವಿದೇಶಿ ಹಾಲಿನ ತಳಿ) ಮಿಶ್ರತಳಿ ಹಸು ಮಾತ್ರ ಬೇವಿನ ನೆರಳಲ್ಲಿ ಬಾಯಿ ತೆರೆದು, ಜೊಲ್ಲು ಸುರಿಸುತ್ತಾ ಏದುಸಿರು ಬಿಡುತ್ತಿತ್ತು.

ಅಮೆರಿಕದವರು ಬಿಸಿಲು ತಡೆಯೋ ಬ್ರಾಹ್ಮನ್ ತಳಿ ಕಟ್ಟಿದ್ದು ನಮ್ಮ ಗಿರ್, ಓಂಗೋಲ್, ಕೃಷ್ಣಾ ಕಣಿವೆ ಮುಂತಾದ ದನಗಳಿಂದಲೇ. ಅದಕ್ಕೆ ಸ್ಕಾಟ್ಲೆಂಡಿನ ಮಾಂಸದ ತಳಿ ಆಂಗಸ್ ಬೆರೆಸಿ ಬ್ರಾಂಗಸ್ ಮಾಡಿದರು: 8ರಲ್ಲಿ 3 ಪಾಲು ಬ್ರಾಹ್ಮನ್, 5 ಪಾಲು ಆಂಗಸ್. ಬಿಸಿಲಿನ ಹುಲ್ಲುಗಾವಲಲ್ಲಿ ಬರೀ ಆಂಗಸ್ ಸೊರಗಿದರೂ ಇದು ಮೈ ತುಂಬಿಕೊಳ್ಳುತ್ತದೆ. ಆದರೆ ಬ್ರಾಹ್ಮನ್ ಪಾಲು ಜಾಸ್ತಿಯಾದಷ್ಟೂ ಮಾಂಸ ಗಟ್ಟಿ, ನಡುವಿನ ಕೊಬ್ಬಿನ ಎಳೆಯೂ ಕಡಿಮೆ. ಬಿಸಿಲು ತಡೆಯೋ ಮೈ, ಮೆತ್ತನೆ ಮಾಂಸ ಎರಡೂ ಒಟ್ಟಿಗೆ ಸಿಗೋದು ಕಷ್ಟವೇ ಬಿಡಿ.

ನಮ್ಮ ಕಡೆ ದನ ಅಂದ್ರೆ ಉಳುಮೆ, ಹಾಲು. ಮಾಂಸದ ಲೆಕ್ಕವೆಲ್ಲ ಆಡು, ಕುರಿಗೆ. ಅಲ್ಲೂ ಇದೇ ಹೋಲಿಕೆ ಮಾಡಬಹುದಲ್ವಾ? ಮಹಾರಾಷ್ಟ್ರ ಕಡೆಯ ಉಸ್ಮಾನಾಬಾದಿ ಆಡಿಗೆ ದಕ್ಷಿಣ ಆಫ್ರಿಕಾದ ಮಾಂಸದ ತಳಿ ಬೋಯರ್ ಹೋತ ಬಿಟ್ಟವರು ಯಾರಾದ್ರೂ ಇದ್ದರೆ, ಬರೀ ಮೇವಲ್ಲಿ ಮರಿ ಹೇಗೆ ಬೆಳೀತು ಹೇಳಿ. ರುಚಿನೂ ಹೇಳಿ!