ರೆಕಾರ್ಡ್ ರೂಮಿನ ಶ್ರಾವಣ ಸೋಮವಾರ

ನಾನು ಕೆಲಸ ಮಾಡುವ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಇರುವುದು ಒಂದೇ ಕಿಟಕಿ. ಬೆಳಿಗ್ಗೆ ಬೀಗ ತೆಗೆದ ಕೂಡಲೇ ಹಳೆಯ ಕಾಗದ, ನುಸಿಗುಳಿಗೆ ಮತ್ತು ಮಳೆಗಾಲದಲ್ಲಿ ಗೋಡೆ ಹೀರಿಕೊಂಡ ತೇವ ಮೂರೂ ಕಲೆತ ವಾಸನೆಯೊಂದು ಮೂಗಿಗೆ ಬಡಿಯುತ್ತದೆ. ಕಬ್ಬಿಣದ ಕಪಾಟುಗಳಲ್ಲಿ ಊರೂರಿನ ದಫ್ತರಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ಇಟ್ಟಿದೆ. ಅವುಗಳ ಒಳಗೆ ಕೈಬರಹದ ಪಹಣಿ, ಹಕ್ಕು ಬದಲಾವಣೆಯ ವರ್ದಿ ಪುಸ್ತಕ, ವಾರಸಾ ದಾಖಲೆ, ಯಾರೋ ಯಾರಿಗೋ ಬಿಟ್ಟುಕೊಟ್ಟ ನಾಲ್ಕು ಗುಂಟೆಯ ಲೆಕ್ಕ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ಈ ಕೋಣೆಗೆ ಜನ ಬರುವುದು ನಿಂತುಹೋಗುತ್ತದೆ ಎಂದು ನಮ್ಮವರಲ್ಲಿ ಹಲವರು ತಿಳಿದಿದ್ದರು. ನಿಲ್ಲಲಿಲ್ಲ. ಕಂಪ್ಯೂಟರಿನಲ್ಲಿ ಕಾಣುವ ಹೆಸರು ಅಲ್ಲಿಗೆ ಹೇಗೆ ಬಂತು ಎಂಬ ಪ್ರಶ್ನೆ ಎದ್ದಾಗಲೆಲ್ಲ, ಅಂದರೆ ಅಣ್ಣತಮ್ಮಂದಿರು ಪಾಲಾಗುವಾಗ, ಮಗಳೊಬ್ಬಳು ತನ್ನ ಹಕ್ಕು ಕೇಳುವಾಗ, ಸಾಲ ಕೊಡುವವರು ಹಿಂದಿನ ಕಾಗದಗಳನ್ನೆಲ್ಲ ತನ್ನಿ ಎಂದಾಗ, ಜನ ಈ ಬಾಗಿಲಿಗೇ ಬರಬೇಕು.

ಒಂಬತ್ತು ವರ್ಷಗಳ ಹಿಂದೆ ನನ್ನನ್ನು ಇಲ್ಲಿಗೆ ಹಾಕಿದಾಗ ಸಹೋದ್ಯೋಗಿಗಳು ಸಂತಾಪ ಸೂಚಿಸುವವರಂತೆ ಬಂದು ಕೈಕುಲುಕಿ ಹೋಗಿದ್ದರು. ಈ ಕೋಣೆಯಲ್ಲಿ ದೇವರ ಇರವು ನನ್ನ ಅನುಭವಕ್ಕೆ ಬಂದ ಬಗೆಯನ್ನು ಬರೆಯಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದರೂ ಸಂಕೋಚ ತಡೆದಿತ್ತು. ಸರ್ಕಾರಿ ನೌಕರ ದೇವರ ಮಾತೆತ್ತಿದರೆ ಕೇಳಿದವರಿಗೆ ನಗು ಬರುತ್ತದೆ, ಅದು ಅವರ ತಪ್ಪೂ ಅಲ್ಲ. ಕೆಂಗಲ್ ಹನುಮಂತಯ್ಯನವರ ಕಾಲದಲ್ಲಿ ಎದ್ದು 1956ರಲ್ಲಿ ಮುಗಿದ ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿಸಿದ್ದಾರಲ್ಲ, ಅದನ್ನು ನಮ್ಮ ಕಚೇರಿಯ ಹೊರಗೆ ಚಹಾ ಕುಡಿಯುತ್ತ ನಿಂತವರು ಓದುವ ರೀತಿಯೇ ಬೇರೆ: ದೇವರ ಕೆಲಸವಾದ್ದರಿಂದ ದೇವರೇ ಬಂದು ಮಾಡಲಿ ಎಂದು ಇವರು ಬಿಟ್ಟಿದ್ದಾರೆ ಎನ್ನುತ್ತಾರೆ. ನಮ್ಮ ಸಾಹೇಬರ ಕುರ್ಚಿಯ ಹಿಂದಿನ ಗೋಡೆಗೆ ‘ಕಾಯಕವೇ ಕೈಲಾಸ’ ಎಂಬ ಫಲಕವಿದೆ. ಅದರ ಕೆಳಗೆ ಬಸವಣ್ಣನವರ ಹೆಸರು.

ಆ ಮಾತು ಮೂಲದಲ್ಲಿ ಆಯ್ದಕ್ಕಿ ಮಾರಯ್ಯನ ವಚನದ್ದು ಎಂಬುದು ನನಗೆ ತಿಳಿದದ್ದು ನೌಕರಿಗೆ ಸೇರಿ ಎಷ್ಟೋ ವರ್ಷಗಳಾದ ಮೇಲೆ. ಹನ್ನೆರಡನೆಯ ಶತಮಾನದ ಮಾರಯ್ಯ, ಈಗಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಹೆಂಡತಿ ಲಕ್ಕಮ್ಮನೊಂದಿಗೆ ಕಲ್ಯಾಣಕ್ಕೆ ಬಂದವನು. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ, ಅದರಿಂದ ಜಂಗಮರಿಗೆ ಉಣಬಡಿಸುವುದು ಅವರಿಬ್ಬರ ದಾಸೋಹ. ಆ ವಚನವನ್ನು ಪೂರ್ತಿ ಓದಿದಾಗ ನನಗೆ ಸಮಾಧಾನವಾಗುವ ಬದಲು ಗಾಬರಿಯಾಯಿತು. ಕಾಯಕದಲ್ಲಿ ತೊಡಗಿದವನು ಗುರು ಎದುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು, ಜಂಗಮ ಮುಂದೆ ನಿಂತರೂ ಅವನ ಹಂಗು ಹರಿದುಕೊಳ್ಳಬೇಕು ಎನ್ನುತ್ತಾನೆ ಮಾರಯ್ಯ. ಕಾಯಕವೇ ಕೈಲಾಸ ಎಂಬುದು ಅಷ್ಟೆಲ್ಲ ಹೇಳಿದ ಮೇಲೆ ಬರುವ ಮಾತು. ಫಲಕ ಬರೆಸಿದವರು ಮೇಲಿನ ಸಾಲುಗಳನ್ನು ಕತ್ತರಿಸಿ ಆ ಮಾತನ್ನಷ್ಟೇ ಇಟ್ಟುಕೊಂಡಿದ್ದರು.

ಗಾಬರಿ ಯಾಕೆಂದರೆ, ನಾನು ಮನೆಯಲ್ಲಿ ಕಂಡು ಬೆಳೆದದ್ದು ಇನ್ನೊಂದು ರೀತಿ. ನಮ್ಮವ್ವ ನಸುಕಿನಲ್ಲಿ ಎದ್ದು, ಒಲೆಯ ಅಂಚಿಗೆ ವಿಭೂತಿ ಹಚ್ಚಿ, ಎಸರು ಕುದಿಯಲು ಇಟ್ಟು, ಅದು ಕುದಿಯುವ ತನಕ ಹಿಟ್ಟಿನ ಮುಂದೆ ಕುಳಿತು ಶಿವನ ಹೆಸರು ಹೇಳಿಕೊಳ್ಳುತ್ತಿದ್ದಳು. ರೊಟ್ಟಿ ಬಡಿಯುವ ಸದ್ದಿಗೂ ಆ ಹೆಸರಿಗೂ ಒಂದೇ ಲಯವಿತ್ತು. ಅವಳ ಅವ್ವ ಬೀಸುವ ಕಲ್ಲಿನ ಮುಂದೆ ಹಾಡಿದ ಪದಗಳಲ್ಲಿ ಕಲ್ಲೇ ತಾಯಿ, ಕಲ್ಲವ್ವ. ಹೀಗೆ ಕೈ ಕೆಲಸದಲ್ಲಿದ್ದರೂ ಬಾಯಿ ದೇವರನ್ನು ನೆನೆಯುತ್ತಿರಬೇಕು, ಕೆಲಸದ ನಡುನಡುವೆ ದೇವರನ್ನು ಸಿಗಿಸಿಕೊಳ್ಳುತ್ತಿರಬೇಕು ಎಂದು ನಾನು ತಿಳಿದಿದ್ದೆ. ಅದರಂತೆಯೇ ಬೆಳಿಗ್ಗೆ ಸ್ನಾನವಾದ ಮೇಲೆ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟು, ಲಿಂಗದ ಮೇಲಿನ ಲೇಪವಾದ ಕಂತಿಯ ಕಪ್ಪಿನ ಮೇಲೆ ದೀಪದ ಒಂದು ಚುಕ್ಕೆ ಬೆಳಕು ನಿಂತದ್ದನ್ನು ನೋಡುತ್ತ ಅರ್ಧ ಗಂಟೆ ಕುಳಿತು, ಆ ನೆನಪನ್ನು ಕಚೇರಿಯ ತನಕ ತುಳುಕದಂತೆ ಹೊತ್ತುಕೊಂಡು ಹೋಗಲು ಯತ್ನಿಸುತ್ತಿದ್ದೆ. ಬಸ್ ನಿಲ್ದಾಣ ದಾಟುವಷ್ಟರಲ್ಲಿ ಅರ್ಧ ಚೆಲ್ಲಿರುತ್ತಿತ್ತು, ಮೊದಲ ಅರ್ಜಿದಾರ ಬಾಗಿಲಲ್ಲಿ ನಿಂತಾಗ ಪೂರ್ತಿ. ಆಗ ನನಗೆ ಸಿಟ್ಟು ಬರುತ್ತಿದ್ದದ್ದು ಆ ಅರ್ಜಿದಾರನ ಮೇಲೆಯೇ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಒಂದು ಶ್ರಾವಣ ಸೋಮವಾರ. ನಮ್ಮ ಓಣಿಯ ಗುಡಿಯಲ್ಲಿ ಸಂಜೆ ಪಲ್ಲಕ್ಕಿ ಇತ್ತು. ಕಚೇರಿ ಮುಗಿಯುವುದು ಐದೂವರೆಗಾದರೂ ನಾಲ್ಕೂವರೆಗೇ ಬೀಗ ಕೈಯಲ್ಲಿ ಹಿಡಿದು ಹೊರಗೆ ಬಂದಿದ್ದೆ. ಜಗಲಿಯ ಮೇಲೆ ಎಪ್ಪತ್ತರ ಆಸುಪಾಸಿನ ಒಬ್ಬ ತಾಯಿ ಕುಳಿತಿದ್ದರು. ಎರಡು ಬಸ್ಸು ಬದಲಿಸಿ ಬಂದದ್ದಾಗಿ ಹೇಳಿ, ಸೆರಗಿನಲ್ಲಿ ಕಟ್ಟಿಕೊಂಡಿದ್ದ ಚೀಟಿಯನ್ನು ಬಿಚ್ಚಿ ಮುಂದೆ ಹಿಡಿದರು.

“ಯಪ್ಪಾ, ನಮ್ಮಪ್ಪನ ಹೊಲದ್ದು ಹಳೀ ಪಹಣಿ ಬೇಕಾಗಿತ್ರಿ.”

“ಇವತ್ತ ಆಗೂದಿಲ್ಲಬೇ ಯವ್ವಾ, ನಾಳೆ ಬಾ. ಗುಡಿಗೆ ಹೊಂಟೇನಿ.”

ಅವರು ನನ್ನ ಹಣೆಯ ವಿಭೂತಿಯನ್ನು ನೋಡಿದರು. “ದೇವರ ಕೆಲಸಕ್ಕ ಹೊಂಟೀರಿ, ಹೋಗಿ ಬರ್ರೆಪಾ. ನನ್ನ ಕೆಲಸ ನಾಳಿಗೆ ಆದೀತು” ಎಂದು ಎದ್ದು, ಮೊಣಕಾಲು ಹಿಡಿದುಕೊಂಡು ಮೆಟ್ಟಿಲಿಳಿದರು. ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ನಾನೂ ಒಂದು ಮಾತು ತಿರುಗಿಸಿ ಹಗುರಾಗುತ್ತಿದ್ದೆ. ಪಲ್ಲಕ್ಕಿಯ ಮುಂದೆ ಕೈಮುಗಿದು ನಿಂತಾಗ ಕಣ್ಣ ಮುಂದೆ ಬಂದದ್ದು ಆ ಮೆಟ್ಟಿಲು ಮತ್ತು ಆ ಮೊಣಕಾಲು. ಆರತಿ ತಟ್ಟೆ ನನ್ನೆದುರು ಬಂದು ಮುಂದೆ ಹೋದದ್ದೂ ತಿಳಿಯಲಿಲ್ಲ.

ಶರಣರ ಕಥೆಗಳಲ್ಲಿ ನುಲಿಯ ಚಂದಯ್ಯನದೊಂದು ಪ್ರಸಂಗವಿದೆ. ಹುಲ್ಲು ಕೊಯ್ದು, ಹಗ್ಗ ಹೊಸೆದು, ಮಾರಿ ದಾಸೋಹ ಮಾಡುವುದು ಅವನ ಕಾಯಕ. ಒಮ್ಮೆ ಹುಲ್ಲು ಕೊಯ್ಯುವಾಗ ಕೊರಳಿನ ಲಿಂಗ ಕಳಚಿ ಬೀಳುತ್ತದೆ, ಅವನು ಅದನ್ನು ಎತ್ತಿಕೊಳ್ಳದೆ ಹುಲ್ಲಿನ ಹೊರೆ ಹೊತ್ತು ನಡೆಯುತ್ತಾನೆ. ಲಿಂಗವೇ ಅವನ ಬೆನ್ನು ಹತ್ತಿ ಬೇಡಿಕೊಂಡರೂ ಒಪ್ಪುವುದಿಲ್ಲ. ಕೊನೆಗೆ ಮಡಿವಾಳ ಮಾಚಯ್ಯ ನಡುವೆ ಬಂದು, ಲಿಂಗವೂ ಹಗ್ಗ ಮಾರುವ ಕಾಯಕ ಮಾಡಬೇಕು ಎಂದು ರಾಜಿ ಮಾಡಿಸುತ್ತಾನೆ. ಮಠದಲ್ಲಿ ಈ ಕಥೆ ಕೇಳಿದಾಗ ನಾವು ಮಕ್ಕಳು ನಕ್ಕಿದ್ದೆವು, ದೇವರು ಹಗ್ಗ ಮಾರುವ ಚಿತ್ರವೇ ಹಾಗಿದೆ. ಪಲ್ಲಕ್ಕಿಯಿಂದ ಮನೆಗೆ ನಡೆದು ಬರುವಾಗ ಅದು ನೆನಪಾಗಿ ನಗು ಬರಲಿಲ್ಲ. ಚಂದಯ್ಯ ಹೊರೆ ಇಳಿಸದಿದ್ದುದಕ್ಕೆ ಲಿಂಗ ಅವನ ಹಿಂದೆ ಬಂತು. ನಾನು ಹೊರೆಯನ್ನು ಜಗಲಿಯ ಮೇಲೆಯೇ ಬಿಟ್ಟು ಲಿಂಗವನ್ನು ಹುಡುಕಿಕೊಂಡು ಹೋಗಿದ್ದೆ.

ಆ ತಾಯಿ ಮರುದಿನ ಬರಲಿಲ್ಲ, ಬುಧವಾರ ಬಂದರು. ಮಂಗಳವಾರ ಕಳೆ ತೆಗೆಯಲು ಹೋಗುತ್ತೇನೆಂದು ಒಪ್ಪಿಕೊಂಡಿದ್ದರಂತೆ, ಸೋಮವಾರದ ಕೂಲಿ ಹೇಗೂ ಹೋಗಿತ್ತು. ಅವರ ಊರಿನ ಗಂಟನ್ನು ಇಳಿಸಿ ಬಿಚ್ಚಿದೆ. ಸರ್ವೆ ನಂಬರು ಇತ್ತು, ಅದರ ಹಿಂದಿನದೂ ಮುಂದಿನದೂ ಇತ್ತು, ಬೇಕಾದ ವರ್ಷಗಳ ಹಾಳೆಗಳು ಮಾತ್ರ ಇರಲಿಲ್ಲ. ‘ದಾಖಲೆ ಲಭ್ಯವಿಲ್ಲ’ ಎಂದು ಹಿಂಬರಹ ಕೊಟ್ಟು ಕಳುಹಿಸಿದ್ದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ. ಸೋಮವಾರದ ತಪ್ಪಿನ ಭಾರಕ್ಕೋ ಏನೋ, ಕುರ್ಚಿ ಬಿಟ್ಟು ನೆಲಕ್ಕೆ ಕುಳಿತೆ.

ಹಳೆಯ ಪಹಣಿಯ ಹಾಳೆಯನ್ನು ತಿರುವುವುದಕ್ಕೆ ಒಂದು ಕ್ರಮವಿದೆ. ಬೆರಳಿಗೆ ಎಂಜಲು ಹಚ್ಚಿಕೊಳ್ಳಬಾರದು, ತುದಿ ಹಿಡಿದು ಎಳೆಯಬಾರದು. ಅಂಗೈಯನ್ನು ಹಾಳೆಯ ಕೆಳಗೆ ಚಾಚಿ, ಆಗಷ್ಟೇ ಹಂಚಿನಿಂದ ಇಳಿದ ರೊಟ್ಟಿಯನ್ನು ಎತ್ತುವಂತೆ ಪೂರ್ತಿ ಹಾಳೆಯನ್ನೇ ಎತ್ತಿ ಆಚೆಗೆ ಮಲಗಿಸಬೇಕು. ಮಡಿಕೆ ಬಿದ್ದ ಕಡೆ ಕಾಗದ ಹಪ್ಪಳದಂತೆ ಮುರಿಯುತ್ತದೆ. ಹುಳು ತಿಂದ ತೂತುಗಳು ಒಂದರ ಕೆಳಗೊಂದು ಹತ್ತು ಹಾಳೆಗಳ ತನಕ ಇಳಿದಿರುತ್ತವೆ, ಅವು ಅಂಕಿಗಳ ಮೇಲೆ ಬಿದ್ದಿದ್ದರೆ 3 ಯಾವುದು 8 ಯಾವುದು ಎಂದು ಬೆಳಕಿಗೆ ಹಿಡಿದು ನೋಡಬೇಕು. ಹೀಗೆ ಒಂದು ಗಂಟು ಮುಗಿಸಿ, ಎರಡನೆಯದನ್ನು ಬಿಚ್ಚಿದೆ. ನಮ್ಮ ಕಡೆ ಒಂದೇ ಹೆಸರಿನ ಎರಡು ಊರುಗಳಿದ್ದರೆ ಒಂದು ಬುದ್ರುಕ, ಇನ್ನೊಂದು ಖುರ್ದ. ಯಾವ ಕಾಲದಲ್ಲಿ ಯಾರ ಕೈತಪ್ಪಿಯೋ ಖುರ್ದದ ಇಪ್ಪತ್ತು ಮೂವತ್ತು ಹಾಳೆಗಳು ಬುದ್ರುಕದ ಗಂಟಿನ ತಳದಲ್ಲಿ ಸೇರಿಕೊಂಡಿದ್ದವು. ಸಿಕ್ಕಿತು. ಕಾಲಂ 9ರಲ್ಲಿ ಅವರ ತಂದೆಯ ಹೆಸರು, ತೀರಿಕೊಂಡದ್ದರಿಂದ ಅದಕ್ಕೆ ಹಾಕಿದ ಕಂಸ, ಅದರ ಕೆಳಗೆ ಊರಿನ ಲೆಕ್ಕ ಬರೆಯುವ ತಲಾಠಿಯ ದುಂಡನೆಯ ಅಕ್ಷರದಲ್ಲಿ ಇಬ್ಬರು ಗಂಡುಮಕ್ಕಳ ಮತ್ತು ಒಬ್ಬ ಮಗಳ ಹೆಸರು.

ಎದ್ದು ಗಡಿಯಾರ ನೋಡಿದರೆ ಎರಡು ಮುಕ್ಕಾಲು. ಹನ್ನೊಂದೂವರೆಗೆ ಕುಳಿತವನಿಗೆ ಬುತ್ತಿ ಬಿಚ್ಚುವುದು ಮರೆತಿತ್ತು. ಮಧ್ಯಾಹ್ನ ತಪ್ಪದೆ ಮಾಡಿಕೊಳ್ಳುತ್ತಿದ್ದ ಜಪವೂ ಮರೆತಿತ್ತು, ದೇವರ ನೆನಪು ಒಂದು ಸಲವೂ ಬಂದಿರಲಿಲ್ಲ. ಆದರೂ ಬೆಳಿಗ್ಗೆ ಅಂಗೈಯೊಳಗಿನ ಬೆಳಕಿನ ಚುಕ್ಕೆಯನ್ನು ನೋಡುತ್ತ ಕುಳಿತಾಗ ಅಪರೂಪಕ್ಕೊಮ್ಮೆ ಮನಸ್ಸು ಯಾವ ಹದಕ್ಕೆ ಬರುತ್ತಿತ್ತೋ ಆ ಹದದಲ್ಲಿಯೇ ಮೂರು ಗಂಟೆಗೂ ಹೆಚ್ಚು ಕಾಲ ಅದು ಇತ್ತೆಂಬುದು ನೆಲ ಬಿಟ್ಟು ಏಳುವಾಗ ತಿಳಿಯಿತು. ಇದನ್ನು ಇದಕ್ಕಿಂತ ಬಿಡಿಸಿ ಹೇಳಲು ನನಗೆ ಬರುವುದಿಲ್ಲ. ಯಾವ ಬೆಳಕೂ ಕಾಣಲಿಲ್ಲ, ಮೈ ನವಿರೇಳಲಿಲ್ಲ. ಕೈಗೆ ಧೂಳು ಮೆತ್ತಿತ್ತು, ಸೊಂಟ ಹಿಡಿದಿತ್ತು. ಪೂಜೆಯನ್ನೂ ಮರೆಯಬೇಕು ಎಂದು ಮಾರಯ್ಯ ಹೇಳಿದ್ದು ಭಕ್ತಿ ಸಡಿಲವಾದವರಿಗೆ ಕೊಟ್ಟ ರಿಯಾಯಿತಿಯಾಗಿರಲಿಕ್ಕಿಲ್ಲ, ಅಕ್ಕಿ ಆಯುತ್ತ ಆಯುತ್ತ ಅವನಿಗೇ ಆದ ಅನುಭವದ ವರದಿ ಇದ್ದೀತು ಎಂದು ನನಗೆ ಮೊದಲ ಬಾರಿ ಅನ್ನಿಸಿತು. ಅವ್ವನ ರೀತಿ ತಪ್ಪೆಂದು ನಾನು ಹೇಳುತ್ತಿಲ್ಲ. ರೊಟ್ಟಿಗೆ ಲಯವಿದೆ, ಅದಕ್ಕೆ ನಾಮ ಹೊಂದುತ್ತದೆ. ಹುಳು ತಿಂದ ಅಂಕಿಯನ್ನು ಓದುವಾಗ ಬಾಯಲ್ಲಿ ನಾಮವಿದ್ದರೆ 3 ಹೋಗಿ 8 ಆಗುತ್ತದೆ, ಒಬ್ಬರ ಹೊಲ ಇನ್ನೊಬ್ಬರಿಗೆ ಹೋಗುತ್ತದೆ.

ಆ ತಾಯಿಗೆ ಓದು ಬರುತ್ತಿರಲಿಲ್ಲ. “ನನ್ನ ಹೆಸರ ಎಲ್ಲೈತೆಪಾ?” ಎಂದು ಕೇಳಿದರು. ತೋರಿಸಿದೆ. ಮುಟ್ಟಿದರೆ ಹಾಳೆ ಹರಿದೀತೆಂದು ಅವರಿಗೆ ನಾನು ಹೇಳದೆಯೇ ತಿಳಿದಿತ್ತು. ಬೆರಳನ್ನು ಅಕ್ಷರದಿಂದ ಒಂದು ಕಾಳಿನಷ್ಟು ಮೇಲೆ ಹಿಡಿದು, ಹೆಸರಿನ ಈ ತುದಿಯಿಂದ ಆ ತುದಿಯವರೆಗೆ ಗಾಳಿಯಲ್ಲೇ ಸವರಿ, ಆ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು.

ನಕಲಿನ ಶುಲ್ಕ ಕಟ್ಟಿಸಿಕೊಂಡು ರಸೀದಿ ಕೊಟ್ಟ ಮೇಲೆ ಅವರು ಮತ್ತೆ ಸೆರಗಿನ ಗಂಟು ಬಿಚ್ಚಿ ಐವತ್ತು ರೂಪಾಯಿಯ ನೋಟನ್ನು ಮೇಜಿನ ಮೇಲಿಟ್ಟು, ಚಹಾ ಕುಡಿಯಿರಿ ಎಂದರು. ರೆಕಾರ್ಡ್ ರೂಮಿಗೆ ಬರುವವರು ಅರ್ಜಿಯ ಮಡಿಕೆಯೊಳಗೆ ನೋಟಿಟ್ಟು ಕೊಡುವುದು ಗುಟ್ಟಿನ ವಿಷಯವೇನಲ್ಲ. ಮೊದಲ ವರ್ಷಗಳಲ್ಲಿ, ಅವರಾಗಿಯೇ ಕೊಟ್ಟದ್ದು ಎಂದು ಸಮಾಧಾನ ಹೇಳಿಕೊಂಡು ನಾನೂ ಇಟ್ಟುಕೊಂಡದ್ದುಂಟು. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಒಳಗೆ ಬಿಟ್ಟುಕೊಳ್ಳಲಿಲ್ಲ. ಇಷ್ಟೊಂದು ಅಕ್ಕಿಯ ಆಸೆ ನಿಮಗೇಕೆ, ಇದನ್ನು ಈಶ್ವರ ಒಪ್ಪುವುದಿಲ್ಲ ಎಂದಳು. ಅದೂ ಚೆಲ್ಲಿದ ಅಕ್ಕಿಯೇ, ಯಾರ ಕಣಜಕ್ಕೂ ಕೈ ಹಾಕಿ ತಂದದ್ದಲ್ಲ. ಶರಣರ ಚರಿತ್ರೆಯಲ್ಲಿ ನನಗೆ ಮಾರಯ್ಯನಿಗಿಂತ ದೊಡ್ಡವಳಾಗಿ ಕಾಣುವವಳು ಲಕ್ಕಮ್ಮ. ಗಂಡ ಶರಣರೊಡನೆ ಮಾತಿನಲ್ಲಿ ಮೈಮರೆತು ಕುಳಿತಿದ್ದಾಗ ಕಾಯಕ ನಿಂತಿದೆ, ಎದ್ದು ಹೋಗು ಎಂದು ಎಬ್ಬಿಸಿದವಳೂ ಅವಳೇ. ಕೆಲಸವನ್ನು ದೇವರೆನ್ನುವವರು ಅವಳ ಈ ಎರಡು ಮಾತುಗಳನ್ನು ಕೂಡಿಸಿಯೇ ಹೇಳಬೇಕು: ಕಾಯಕ ನಿಲ್ಲಬಾರದು, ಬೇಕಾದ್ದಕ್ಕಿಂತ ಹೆಚ್ಚು ಮನೆಗೆ ಬರಬಾರದು. ಮೊದಲನೆಯದನ್ನು ಮಾತ್ರ ಗೋಡೆಗೆ ಹಾಕಿದರೆ ಅದು ನೌಕರರನ್ನು ದುಡಿಸುವವರಿಗೆ ಅನುಕೂಲವಾದ ಫಲಕ, ಅಷ್ಟೆ. ಐವತ್ತರ ನೋಟನ್ನು ಆ ತಾಯಿಯ ಕೈಗೇ ಇಟ್ಟು, ಬಸ್ಸಿಗೆ ಇಟ್ಟುಕೊಳ್ಳಿ ಎಂದೆ. ಅವರು ಬೇಸರಪಟ್ಟುಕೊಂಡರೋ ಏನೋ, ಮುಂದಿನ ವಾರ ಯಾರದೋ ಕೈಯಲ್ಲಿ ನಾಲ್ಕು ಸೌತೆಕಾಯಿ ಕಳುಹಿಸಿದರು. ಅವನ್ನು ತಿರುಗಿ ಕಳುಹಿಸುವಷ್ಟು ಲಕ್ಕಮ್ಮ ನಾನಾಗಿರಲಿಲ್ಲ, ಕಚೇರಿಯಲ್ಲಿ ಎಲ್ಲರೂ ಕೂಡಿ ತಿಂದೆವು.

ಎಲ್ಲ ದಿನಗಳೂ ಹಾಗಿರುತ್ತವೆ ಎಂದರೆ ಸುಳ್ಳಾಗುತ್ತದೆ. ಮುಕ್ಕಾಲು ಪಾಲು ದಿನಗಳು ಬರೀ ದಿನಗಳು. ಅರ್ಜಿ, ಮುದ್ರೆ, ರಸೀದಿ, ಮೇಲಿನವರ ಫೋನು. ಬೆಳಗಿನ ಪೂಜೆಯನ್ನು ನಾನು ಬಿಟ್ಟಿಲ್ಲ, ಆದರೆ ಅದರ ನೆನಪನ್ನು ತುಂಬಿದ ಕೊಡದಂತೆ ಕಚೇರಿಯ ತನಕ ಹೊರುವುದನ್ನು ಬಿಟ್ಟಿದ್ದೇನೆ. ಶಿವದಾರ ಅಂಗಿಯ ಒಳಗೆ ತನ್ನ ಪಾಡಿಗೆ ತಾನಿರುತ್ತದೆ. ಬುದ್ರುಕ-ಖುರ್ದ ಹೆಸರಿನ ಊರುಗಳಿಂದ ಆರಂಭಿಸಿ, ಯಾವ ಗಂಟಿನಲ್ಲಿ ಯಾವ ಸರ್ವೆ ನಂಬರಿನ ಎಷ್ಟು ಹಾಳೆಗಳಿವೆ ಎಂಬುದರ ಸೂಚಿಯೊಂದನ್ನು ಉದ್ದನೆಯ ರಿಜಿಸ್ಟರಿನಲ್ಲಿ ಬರೆಯುತ್ತ ಬಂದಿದ್ದೇನೆ. ಇದುವರೆಗೆ ನಲವತ್ತೊಂದು ಊರು ಮುಗಿದಿವೆ.

ಈಗ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ನಡೆದಿದೆ. ಕಿಟಕಿಯ ಪಕ್ಕದಲ್ಲಿ ಯಂತ್ರವಿಟ್ಟುಕೊಂಡು ಇಬ್ಬರು ಹುಡುಗರು ಕುಳಿತಿರುತ್ತಾರೆ. ಮಡಿಚಿದ ಮೂಲೆಗಳನ್ನು ಬಿಡಿಸಿ, ಧೂಳು ಒರೆಸಿ ಹಾಳೆ ಕೊಡುವುದು ನನ್ನ ಪಾಲಿನದು. ಮೂಲೆ ಮಡಿಚಿಕೊಂಡೇ ಯಂತ್ರದೊಳಗೆ ಹೋದರೆ ಒಂದು ಹೆಸರು ಅರ್ಧಕ್ಕೆ ನಿಲ್ಲುತ್ತದೆ, ಮುಂದೆ ಅದನ್ನು ಕೇಳಿಕೊಂಡು ಬರುವವರಿಗೆ ಆ ಅರ್ಧವೇ ಸಿಗುತ್ತದೆ. ನಿನ್ನೆ ಶ್ರಾವಣದ ಮೂರನೆಯ ಸೋಮವಾರವಾಗಿತ್ತು. ಐದು ಗಂಟೆಯ ಸುಮಾರಿಗೆ ಪಲ್ಲಕ್ಕಿಯ ಡೊಳ್ಳಿನ ಸದ್ದು ದೂರದಿಂದ ಕೇಳಿಸಿದಾಗ ನನ್ನ ಕೈಯಲ್ಲಿ ಒಂದು ಹಾಳೆಯ ಮೂಲೆ ಇನ್ನೂ ಪೂರ್ತಿ ಬಿಚ್ಚಿರಲಿಲ್ಲ.

“ಸರ್, ಮುಂದಿನ ಹಾಳಿ ಕೊಡ್ರಿ” ಎಂದ ಹುಡುಗ.

“ತಡಿಯಪ್ಪಾ, ಇದರಾಗ ಒಂದು ಹೆಸರು ಐತಿ” ಎಂದೆ.