ವಜೀರನ ಸವಾರಿ ಸಾಗಿದ ಚೌಕದಲ್ಲಿ

ಇಸ್ತಾಂಬುಲ್‌ನ ಸುಲ್ತಾನಹ್ಮೆತ್ ಟ್ರಾಮ್ ನಿಲ್ದಾಣದಲ್ಲಿ ಇಳಿದವರು ಜಾಸ್ತಿ ಓಡುವುದು ಹಗಿಯಾ ಸೋಫಿಯಾ, ನೀಲಿ ಮಸೀದಿ ಕಡೆಗೇ. ನಾನು ಮಾತ್ರ ಮೊಬೈಲಿನಲ್ಲಿ ಒಂದು ಹಳೇ ಚಿತ್ರ ತೆರೆದುಕೊಂಡು ಮಸೀದಿ ಪಕ್ಕದ ಉದ್ದನೆಯ ಚೌಕದಲ್ಲೇ ಉಳಿದೆ. ಹಿಂದೆ ರಥಗಳ ಓಟ ನಡೆಯುತ್ತಿದ್ದ ಜಾಗ. ತುರ್ಕಿಯ ಆಟೊಮನ್ ಸುಲ್ತಾನರ ಕಾಲಕ್ಕೆ ಇದು ಕುದುರೆ ಮೈದಾನ.

ಚಿತ್ರದಲ್ಲಿ ಆಟೊಮನ್ ಮಹಾವಜೀರ ತನ್ನ ಪರಿವಾರದ ಜೊತೆ ಇದೇ ಚೌಕ ದಾಟುತ್ತಿದ್ದಾನೆ. ಬರೆದವನು ಜಾಂ ಬಾಪ್ತಿಸ್ತ್ ವಾನ್‌ಮೂರ್. 1699ರಲ್ಲಿ ಫ್ರೆಂಚ್ ರಾಯಭಾರಿಯ ಜೊತೆ ಬಂದವನು ವಾಪಸ್ ಹೋಗಲೇ ಇಲ್ಲ, 1737ರಲ್ಲಿ ಇಲ್ಲೇ ತೀರಿಕೊಂಡ. ಡಚ್ ರಾಯಭಾರಿ ಕಾಲ್ಕುನ್ ಅವನ ಚಿತ್ರಗಳನ್ನು ರಾಶಿಗಟ್ಟಲೆ ಕೂಡಿಸಿದ. ಅದಕ್ಕೇ ಇಸ್ತಾಂಬುಲ್‌ನ ಈ ಮೆರವಣಿಗೆ ಈಗ ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂನಲ್ಲಿದೆ.

ಚೌಕದ ನಡುವೆ ಹಾವಿನ ಕಂಬ. ಕ್ರಿ.ಪೂ. 479ರಲ್ಲಿ ಪರ್ಷಿಯನ್ನರನ್ನು ಸೋಲಿಸಿದ ನೆನಪಿಗೆ ಗ್ರೀಕರು ಡೆಲ್ಫಿಯಲ್ಲಿ ನಿಲ್ಲಿಸಿದ್ದು. ಕಾನ್‌ಸ್ಟಂಟೈನ್ ದೊರೆ ಇಲ್ಲಿಗೆ ತರಿಸಿದ. ಕಂಬಿಗೆ ಒರಗಿ ಬಗ್ಗಿ ನೋಡಿದೆ. ಕಂಬದ ಬುಡ ಗುಂಡಿಯೊಳಗಿದೆ, ಸುತ್ತಲ ನೆಲ ಅಷ್ಟು ಮೇಲೆ ಬಂದಿದೆ. ಮೂರು ಹಾವುಗಳು ಹಗ್ಗದಂತೆ ಹೊಸೆದುಕೊಂಡು ಮೇಲೇರುತ್ತವೆ. ತಲೆಗಳೇ ಇಲ್ಲ! ಒಂದು ತಲೆಯ ಮೇಲ್ದವಡೆ ಊರಿನ ಪುರಾತತ್ವ ಮ್ಯೂಸಿಯಂನಲ್ಲಿದೆ. ಪಕ್ಕದ ಈಜಿಪ್ಟಿನ ಶಿಲಾಸ್ತಂಭವನ್ನು ಇಲ್ಲಿ ನೆಟ್ಟಿದ್ದು ಕ್ರಿ.ಶ. 390ರಲ್ಲಿ. ಅದರ ಮೇಲಿನ ಹಕ್ಕಿ, ಹಾವುಗಳ ಗೆರೆ ಇನ್ನೂ ನಿನ್ನೆ ಕೆತ್ತಿದಷ್ಟು ಚೂಪು. ಗುಮ್ಮಟದ ಜರ್ಮನ್ ಕಾರಂಜಿ ತೀರಾ ಈಚಿನದು, ಜರ್ಮನ್ ಚಕ್ರವರ್ತಿ ಕೈಸರ್ ಕೊಟ್ಟ ಉಡುಗೊರೆ. ಅದಕ್ಕೆ ಜಾಸ್ತಿ ಹೊತ್ತು ಬೇಡ.

ನನಗೆ ಹೆಚ್ಚು ಹಿಡಿಸಿದ್ದು ವಾನ್‌ಮೂರ್‌ನ ಕಣ್ಣು. ಅವನ ಕಾಲದ ದೊಡ್ಡ ಹೆಸರಿನ ವಜೀರ ದಾಮಾದ್ ಇಬ್ರಾಹಿಂ ಪಾಷಾ, ಸುಲ್ತಾನ ಮೂರನೇ ಅಹಮದನ ಅಳಿಯ. 1718ರಿಂದ ದರ್ಬಾರು ನಡೆಸಿದ. ಅರಮನೆಗಳು, ತೋಟಗಳು, ಟುಲಿಪ್ ಹೂವಿನ ಹುಚ್ಚು. 1730ರಲ್ಲಿ ಪತ್ರೋನಾ ಖಲೀಲ್ ಎಂಬ ಮಾಜಿ ಸೈನಿಕ ದಂಗೆ ಎಬ್ಬಿಸಿದ. ಸುಲ್ತಾನ ತನ್ನ ಅಳಿಯನನ್ನೇ ಕೊಲ್ಲಿಸಿ ಹೆಣವನ್ನು ದಂಗೆಕೋರರಿಗೆ ಒಪ್ಪಿಸಿದ. ಆದರೂ ಸಿಂಹಾಸನ ಉಳಿಯಲಿಲ್ಲ. ಅದೇ ವರ್ಷ ಖಲೀಲನನ್ನೂ ಅರಮನೆಗೆ ಕರೆಸಿ ಮುಗಿಸಿದರು.

ವಾನ್‌ಮೂರ್ ಆ ಖಲೀಲನ ಚಿತ್ರವನ್ನೂ ಬರೆದ, ಅವನ ಕೊಲೆಯನ್ನೂ ಬರೆದ. ವಜೀರನ ಠೀವಿಗೆ ಬಳಸಿದ ಕುಂಚವೇ ಬಂಡಾಯಗಾರನಿಗೂ. ಆಸ್ಥಾನದ ಕಲಾವಿದರಿಗೆ ಅಷ್ಟು ಸಲೀಸಾಗಿ ಆಗುವ ಕೆಲಸವಲ್ಲ ಇದು, ಅಲ್ವಾ? ಇವನಿಗೆ ಗಿರಾಕಿಗಳು ಪರದೇಶದ ರಾಯಭಾರಿಗಳು. ಊರಲ್ಲಿ ಏನು ನಡೀತು ಅಂತ ತಿಳಿಯುವ ಕುತೂಹಲ ಅವರಿಗಿತ್ತು.

ಚೌಕಕ್ಕೆ ಟಿಕೆಟ್ ಇಲ್ಲ. ಹೋಗುವ ಮುಂಚೆ ರೈಕ್ಸ್ ಮ್ಯೂಸಿಯಂ ವೆಬ್‌ಸೈಟಿನಿಂದ ಚಿತ್ರ ಇಳಿಸಿಕೊಳ್ಳಿ, ಅದೂ ಪುಕ್ಕಟೆ. ವಜೀರನದೊಂದೇ ಸಾಲದು, ಖಲೀಲನದನ್ನೂ ಇಟ್ಟುಕೊಳ್ಳಿ.